ಒಗೆಯದ ಸೀರೆ

ಸುಗಟೂರಿನ ಚಿಕ್ಕಮ್ಮನಿಗೆ, ಮಾಲೂರಿನಿಂದ ಶ್ರುತಿಯ ನಮಸ್ಕಾರ.

ಅಜ್ಜಿಯ ಹಳೇ ಸೀರೆ ಕೇಳಿಕೊಂಡು ಚಿಕ್ಕಪ್ಪ ಬಂದಿದ್ದರು. ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಅಜ್ಜಿ ಹೋದ ಮೇಲೆ ಕೆಂಪಿ ಹಾಲು ಕರೆಯಲು ಬಿಡುತ್ತಿಲ್ಲವಂತೆ. ನೀವು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಾಳಂತೆ. ಅಜ್ಜಿಯ ಸೀರೆ ಉಟ್ಟು ಕೂತರೆ ಸುಮ್ಮನಿರುತ್ತಾಳೆ ಎಂದು ಡೈರಿಯಲ್ಲಿ ಯಾರೋ ಹೇಳಿದರಂತೆ. ನಿಮ್ಮ ಪಾಲಿಗೆ ಬಂದ ರೇಷ್ಮೆ ಸೀರೆಗಳನ್ನು ಉಟ್ಟು ನೋಡಲಿಲ್ಲವೇ? ಪಾಪ, ಹಸುವಿಗೆ ರೇಷ್ಮೆಯ ಬೆಲೆ ಗೊತ್ತಿಲ್ಲ.

ತಿಥಿ ಊಟ ಮುಗಿದ ಮೇಲೆ ನೀವೆಲ್ಲ ಬೀರು ತೆಗೆದು ಹಂಚಿಕೊಂಡಿರಿ. ಕೊಟ್ಟಿಗೆಯ ಹಗ್ಗದ ಮೇಲಿದ್ದ ಈ ನೂಲಿನ ಸೀರೆ ಒಂದನ್ನು ನಾನು ತೆಗೆದುಕೊಂಡೆ. "ಸಗಣಿ ನಾತ ಹೊಡೀತೈತೆ, ನೆಲ ಒರೆಸೋಕೆ ಇಟ್ಕೊಳ್ಳೇ" ಎಂದು ಎಲ್ಲರೆದುರು ನಕ್ಕಿರಿ. ತಾಯಿಯಿಲ್ಲದ ನಾನು ಆ ನಾತದ ಮಡಿಲಲ್ಲೇ ಮಲಗಿ ಬೆಳೆದವಳು. ಇಷ್ಟು ದಿನ ಇದನ್ನು ತಲೆದಿಂಬಿಗೆ ಸುತ್ತಿಕೊಂಡು ಮಲಗುತ್ತಿದ್ದೆ.

ಕೊಡಬಾರದು ಅಂದುಕೊಂಡಿದ್ದೆ. ಆದರೆ ಹಾಲು ಕಟ್ಟಿ ಕೆಚ್ಚಲು ಬಾತರೆ ನೋಯುವುದು ಕೆಂಪಿಗೆ, ನಿಮಗಲ್ಲ.

ಕರೆಯುವಾಗ ಮಾತಾಡಬೇಡಿ. ನಿಮ್ಮ ದನಿ ಕೇಳಿದರೆ ಅವಳಿಗೆ ಮೋಸ ಗೊತ್ತಾಗುತ್ತದೆ. ಸೆರಗು ಅವಳ ಮೂತಿಗೆ ತಾಗುವ ಹಾಗಿರಲಿ, ಅಜ್ಜಿ ಹಾಗೇ ಕೂರುತ್ತಿದ್ದಳು.

ಮತ್ತೆ, ದಯವಿಟ್ಟು ಇದನ್ನು ಒಗೆಯಬೇಡಿ. ಒಗೆದರೆ ವಾಸನೆ ಹೋಗುತ್ತದೆ, ಕೆಂಪಿಯೂ ಅಜ್ಜಿಯನ್ನು ಮರೆಯುತ್ತಾಳೆ. ಆಮೇಲೆ ಆ ಮನೆಯಲ್ಲಿ ಅಜ್ಜಿಯ ದಾರಿ ಕಾಯುವವರು ಯಾರೂ ಇರುವುದಿಲ್ಲ.

ಇಂತಿ,
ನಿಮ್ಮ ಅತ್ತೆಯ ಮೊಮ್ಮಗಳು
ಶ್ರುತಿ