ಮುಗಿಲಿನಿಂದ ಕಂಡ ಏಲಕ್ಕಿ ಮಲೆ

ಶ್ರೀ ಬಸವೇಶ್ವರನ ಕೃಪೆ

ಮಡಿಕೇರಿ
೧೫-೧೨-೧೯೪೬, ಭಾನುವಾರ

ಸೌಭಾಗ್ಯವತಿ ಸರ್ವಮಂಗಳೆಗೆ,

ನಿನ್ನ ಎರಡು ಕಾಗದಗಳೂ ತಲುಪಿದವು. ಮೊದಲನೆಯದಕ್ಕೆ ಉತ್ತರ ಬರೆಯಲಿಲ್ಲವೆಂದು ಎರಡನೆಯದರಲ್ಲಿ ಬೈದದ್ದೂ ತಲುಪಿತು. ಇಡೀ ದಿನ ಕಚೇರಿಯಲ್ಲಿ ಮಸಿಯಲ್ಲೇ ಕೈ ಅದ್ದಿ ಕೂರುವವರಿಗೆ ಮನೆಯವಳಿಗೆ ನಾಲ್ಕು ಸಾಲು ಗೀಚಲು ಒಂದು ತೊಟ್ಟು ಮಸಿ ಸಿಗಲಿಲ್ಲವೇ ಎಂದು ಕೇಳಿದ್ದೀಯೆ. ಮಸಿ ಇತ್ತು. ಬರೆಯಲು ಕೂತಾಗಲೆಲ್ಲ ಏನೋ ಒಂದು ನೆಪ ಮಾಡಿಕೊಂಡು ಎದ್ದು ಹೋಗುತ್ತಿದ್ದೆ. ತಪ್ಪು ನನ್ನದೇ, ಮನ್ನಿಸು.

ಸುಮಿತ್ರಮ್ಮನಿಗೂ ಮಗುವಿಗೂ ಮೈ ಚೆನ್ನಾಗಿದೆ ಎಂದು ತಿಳಿದು ಸಮಾಧಾನವಾಯಿತು. ತಮ್ಮನ ಹೆಂಡತಿಯ ಬಾಣಂತನಕ್ಕೆಂದು ತವರಿಗೆ ಹೋದವಳು ಎರಡು ತಿಂಗಳಾದರೂ ಬರಲಿಲ್ಲವೆಂದು ನಾನು ಗೊಣಗುವುದಿಲ್ಲ. ತಾಯಿಯಿಲ್ಲದ ಹುಡುಗಿ, ನೀನಲ್ಲದೆ ಅವಳಿಗೆ ಎಣ್ಣೆ ನೀರು ಹಾಕುವವರು ಯಾರು? ನನ್ನ ಅಡುಗೆ ನಡೆದಿದೆ. ಅನ್ನ ಒಂದು ದಿನ ಗಂಜಿಯಾಗುತ್ತದೆ, ಒಂದು ದಿನ ಅಕ್ಕಿಯಾಗಿಯೇ ಉಳಿಯುತ್ತದೆ. ಉಪ್ಪಿನಕಾಯಿ ಜಾಡಿಯ ತಳ ಕಂಡಿದೆ, ಬಂದ ಮೇಲೆ ಜಗಳ ಆಡಬೇಡ.

ಈಗ ನೀನು ಕೇಳಿದ ವಿಷಯ. ನೀವು ಗುತ್ತಿಗೆ ಹಿಡಿದ ಏಲಕ್ಕಿ ಮಲೆಯನ್ನು ಸರ್ಕಾರ ಮುಚ್ಚಿದ ಮೇಲೆ, ಕಾಡಿನೊಳಗಿನ ಗುಟ್ಟನ್ನು ಕಚೇರಿಗೆ ಹೇಳಿದವನು ಮರ ಕಡಿಯುವ ಆಳು ಜವರನೇ ಎಂದು ಊರೆಲ್ಲ ಮಾತಾಗಿದೆ ಎಂದು ಬರೆದಿದ್ದೀಯೆ. ನಿನ್ನ ತಮ್ಮ ಕಲ್ಲೇಶಪ್ಪ ಅವನನ್ನೂ ಅವನ ಹೆಂಡತಿ ಮುತ್ತಿಯನ್ನೂ ಹಿತ್ತಿಲ ಗುಡಿಸಲಿನಿಂದ ಎಬ್ಬಿಸಿ ಕಳಿಸಿದನಂತೆ. ಹೋಗುವಾಗ ಮುತ್ತಿ ನಿನ್ನ ಎರಡೂ ಕೈ ಹಿಡಿದು, "ಅವ್ವಾ, ನನ್ ಗಂಡ ಉಂಡ ಮನೆ ಜಂತೆ ಎಣಿಸೋನಲ್ಲ" ಎಂದು ಅತ್ತಳಂತೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. "ನನಗೆ ನಂಬಿಕೆ ಬರುತ್ತಿಲ್ಲ. ನೀವು ಅದೇ ಕಾಡಿನ ಕಚೇರಿಯಲ್ಲಿದ್ದೀರಿ. ಹೇಳಿದವರು ಯಾರೆಂದು ವಿಚಾರಿಸಿ ಹೆಸರು ಬರೆಯಿರಿ. ಜವರನಲ್ಲ ಅಂತಾದರೆ ಅವರನ್ನು ವಾಪಸು ಕರೆಸಬೇಕು" ಎಂದಿದ್ದೀಯೆ. ಬರೆಯುತ್ತೇನೆ. ಆದರೆ ಮೊದಲಿನಿಂದ ಬರೆಯಬೇಕು, ನಡುವಿನಿಂದ ಶುರು ಮಾಡಿದರೆ ನನಗೆ ಧೈರ್ಯ ಸಾಲುವುದಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ವಿಮಾನವೊಂದು ಮೂರು ದಿನ ನಮ್ಮ ನೆತ್ತಿಯ ಮೇಲೆ, ಹೊಲ ಉಳುವವನಂತೆ, ಹೋಗಿ ಬಂದು ಹೋಗಿ ಬಂದು ಮಾಡಿದ್ದು ನಿನಗೆ ನೆನಪಿರಬೇಕು. ಹಪ್ಪಳ ಒಣಹಾಕಿದ್ದ ನೀನು, ಯುದ್ಧ ಮಡಿಕೇರಿಗೇ ಬಂತು ಎಂದು ಹಪ್ಪಳದ ಚಾಪೆಯ ಸಮೇತ ಒಳಗೆ ಓಡಿದ್ದೆ. ಓಡುವಾಗ ಗಂಡನನ್ನು ಕರೆಯಬೇಕೆಂದು ನಿನಗೆ ತೋಚಲಿಲ್ಲ, ಅದಿರಲಿ. ಅದು ಬಾಂಬು ಹಾಕುವ ವಿಮಾನವಲ್ಲ, ಚಿತ್ರ ತೆಗೆಯುವ ವಿಮಾನ.

ಆ ಚಿತ್ರಗಳು ಈ ಸಲದ ಮಳೆಗಾಲಕ್ಕೆ ನಮ್ಮ ಕಚೇರಿಗೆ ಬಂದವು. ಒಂದೊಂದೂ ಒಂದು ಗೇಣಗಲ, ಬರೀ ಕಪ್ಪು ಬಿಳುಪು. ಅಕ್ಕಪಕ್ಕದ ಎರಡು ಚಿತ್ರಗಳನ್ನು ಜೋಡಿಸಿಟ್ಟು, ಕಾಲು ಇರುವ ಒಂದು ಜೋಡಿ ಮಸೂರದ ಮೂಲಕ ನೋಡಿದರೆ ಚಪ್ಪಟೆ ಕಾಗದದೊಳಗಿಂದ ಗುಡ್ಡಗಳು ಎದ್ದು ನಿಲ್ಲುತ್ತವೆ. ಮೊದಲ ದಿನ ಮರದ ತುದಿ ಕಣ್ಣಿಗೆ ಚುಚ್ಚೀತೆಂದು ನಾನು ತಲೆ ಹಿಂದಕ್ಕೆ ಎಳೆದುಕೊಂಡೆ. ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುವ ಪೂವಯ್ಯ ಬಿದ್ದು ಬಿದ್ದು ನಕ್ಕ. ಆಮೇಲೆ ತಾನು ನೋಡುವಾಗ ಅವನೂ ಹಾಗೆಯೇ ಮಾಡಿದ.

ಚಿತ್ರದಲ್ಲಿ ಯಾವ ಕಾಡು ಯಾವುದೆಂದು ಗುರುತಿಸಿ ನಕ್ಷೆಗೆ ಬಣ್ಣ ತುಂಬುವುದು ನಮ್ಮ ಕೆಲಸ. ಎಲೆ ಉದುರಿಸಿ ನಿಂತ ತೇಗ ಬೂದಿಯಂತೆ ಕಾಣುತ್ತದೆ. ಎಸ್ಟೇಟಿನಲ್ಲಿ ಕಾಫಿಯ ಮೇಲೆ ಸಿಲ್ವರ್ ಮರಗಳು ಸಾಲು ತಪ್ಪದೆ ನಿಂತಿರುತ್ತವೆ. ನಿಮ್ಮ ಶಾಂತಳ್ಳಿ ಕಡೆಯ ಹಳೆಯ ಕಾಡು ಮಾತ್ರ ಕಪ್ಪಗೆ, ಒತ್ತಾಗಿ, ಕುರಿಯ ಬೆನ್ನಿನ ಹಾಗೆ ಗಂಟುಗಂಟು. ಯಾವ ಇಳಿಜಾರಿನಲ್ಲಿ ಮಣ್ಣು ಜಾರುತ್ತಿದೆ, ಎಲ್ಲಿ ಕೊಡಲಿ ನಿಲ್ಲಿಸಬೇಕು, ಎಲ್ಲಿ ಬಿಡಬಹುದು ಎಂದು ನಾವು ತುಂಬಿದ ಬಣ್ಣ ನೋಡಿಯೇ ನಮ್ಮ ಕಚೇರಿಯ ಇಂಗ್ಲಿಷ್ ದೊರೆ ತೀರ್ಮಾನ ಮಾಡುತ್ತಾರೆ. ಮೂವತ್ತು ವರ್ಷ ಕೆರೆ ತೋಡುಗಳ ಗೆರೆ ಎಳೆದು ಬೇಸತ್ತಿದ್ದವನಿಗೆ ಈ ಕೆಲಸ ಹಬ್ಬದಂತೆ ಬಂತು. ದಿನಾ ಬೆಳಿಗ್ಗೆ ನಾನೇ ಮೊದಲು ಕಚೇರಿಗೆ ಹೋಗುತ್ತಿದ್ದೆ.

ಮಂಗಳಾ, ನಿಮ್ಮ ಮಲೆಯನ್ನು ನೀನು ಒಂದು ಸಲವೂ ನೋಡಿಲ್ಲ. ಹೆಂಗಸರು ಹತ್ತಬಾರದೆಂದು ನಿಮ್ಮ ಮನೆಯ ಕಟ್ಟು. ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ನಿಮ್ಮಪ್ಪನ ಹಿಂದೆ ನಡೆದು.

ಮದುವೆಯಾದ ವರ್ಷದ ಮಾಘಮಾಸ ಅದು. ಮಾವ ಮಲ್ಲಪ್ಪನವರು ಮುಂದೆ, ನಾನು ಹಿಂದೆ, ನಮಗಿಂತ ಬಹಳ ಮುಂದೆ ಕೊಡಲಿ ಹೊತ್ತ ಜವರ. ಆಗ ಅವನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಇಳಿಜಾರಿನ ನೆತ್ತಿಯಲ್ಲಿ ಒಂದು ಹೆಬ್ಬಲಸು, ನಾಲ್ಕು ಜನ ಕೈ ಹಿಡಿದರೂ ತಬ್ಬಲಾಗದ್ದು. ಅದರ ಕೆಳಗಿನ ಸಣ್ಣ ಮರಗಳಿಗೆಲ್ಲ ಜವರ ಹಿಂದಿನ ದಿನವೇ ಅರ್ಧರ್ಧ ಕಚ್ಚು ಹಾಕಿಟ್ಟಿದ್ದ. ಮಾವ ಮರಕ್ಕೆ ವಿಭೂತಿ ಹಚ್ಚಿ ಕೈ ಮುಗಿದರು. "ದೂರ ನಿಂತ್ಕಳಿ ಬುದ್ಧಿ. ಇದು ಒಂಟಿಯಾಗಿ ಬೀಳಾಕಿಲ್ಲ, ಸಂಸಾರಾನೆಲ್ಲ ಕರ್ಕಂಡೇ ಬೀಳೋದು" ಎಂದ ಜವರ. ಹಾಗೇ ಆಯಿತು. ದೊಡ್ಡದು ಉರುಳಿದ್ದೇ ಕೆಳಗಿನವೆಲ್ಲ ಒಂದರ ಮೇಲೊಂದು ಬಿದ್ದವು, ನನ್ನ ಅಂಗಾಲಿನ ಕೆಳಗೆ ನೆಲ ನಡುಗಿತು.

"ನೆಲಕ್ಕೆ ಎಚ್ಚರ ಆಯ್ತು" ಎಂದರು ಮಾವ. "ಇನ್ನು ಮೂರು ತಿಂಗಳಿಗೆ ಏಲಕ್ಕಿ ತಾನೇ ಏಳ್ತದೆ. ಯಾರೂ ಬಿತ್ತೋದು ಬ್ಯಾಡ. ಆದ್ರೆ ಏಳು ವರ್ಷಕ್ಕೆ ಹಿಂಗೆ ಕಡ್ದು ಮಾಡೋ ತೆರಪು ಒಂದೇ ನೋಡಿ ಅಳಿಯಂದಿರೆ. ಮುಂದಿಂದು ಕಡಿಯೋ ಹೊತ್ಗೆ ಹಿಂದಿಂದು ಮುಚ್ಕಂಡಿರಬೇಕು."

ಬುತ್ತಿ ಬಿಚ್ಚಿ ಮೂವರೂ ಕೂತೆವು. ನಿನ್ನ ಕೈಯ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಚಟ್ನಿಗೆ ಉಪ್ಪು ಹೆಚ್ಚಾಗಿತ್ತು, ಹೊಸ ಅಳಿಯನೆಂದು ಬಾಯಿ ಮುಚ್ಚಿಕೊಂಡು ತಿಂದೆ. ಜಜ್ಜಿದ ಎಲೆಯ ಹಸಿವಾಸನೆ ಈಗಲೂ ಮೂಗಿನಲ್ಲಿದೆ. "ಇದನ್ನೆಲ್ಲ ನಾವು ಮನೆಯೋರಿಗೆ ಮಾತ್ರ ತೋರ್ಸೋದು" ಎಂದರು ಮಾವ, ರೊಟ್ಟಿ ಮುರಿಯುತ್ತ. ಮಠದಲ್ಲಿ ಉಂಡು, ಮಠದ ಜಗುಲಿಯಲ್ಲಿ ಮಲಗಿ ಓದಿದವನು ನಾನು. ಅದುವರೆಗೆ ನನ್ನನ್ನು ಯಾರೂ ಮನೆಯವನು ಎಂದಿರಲಿಲ್ಲ. ಚಟ್ನಿ ಖಾರ ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ. ಇದನ್ನು ನಿನಗೂ ಹೇಳಿರಲಿಲ್ಲ.

ಎರಡನೆಯ ಸಲ ನೋಡಿದ್ದು ಮುಗಿಲಿನಿಂದ. ಆಷಾಢದ ಒಂದು ಮಧ್ಯಾಹ್ನ. ದೊರೆ ನಮ್ಮ ಮೇಜಿಗೆ ಬಂದು ಮಸೂರದಲ್ಲಿ ಬಗ್ಗಿ ನೋಡಿ, ಈ ಕಪ್ಪು ಕಾಡಿನಲ್ಲಿ ಅಲ್ಲಲ್ಲಿ ತೂತು ಬಿದ್ದಿದೆಯಲ್ಲ, ಏನದು ಎಂದು ಕೇಳಿದರು. "ಗಾಳಿಗೆ ಮರ ಬಿದ್ದಿರ್ಬೋದು ಸಾರ್" ಎಂದ ಪೂವಯ್ಯ. ನಾನು ನಕ್ಕೆ. ಆ ನಗು ಬರದಿದ್ದರೆ ಎಷ್ಟು ಚೆನ್ನಾಗಿತ್ತು.

"ಗಾಳಿಗೆ ಬಿದ್ದದ್ದಾದರೆ ಎಲ್ಲವೂ ಗಾಳಿಯ ದಿಕ್ಕಿಗೆ ಬೀಳಬೇಕಿತ್ತು. ಇವು ನೋಡಿ, ಒಂದೊಂದೂ ಇಳಿಜಾರಿಗೇ ಮುಖ ಮಾಡಿವೆ. ಮೇಲೆ ಕಿರಿದು, ಕೆಳಗೆ ಅಗಲ, ಮೊರದ ಹಾಗೆ. ಇದು ಏಲಕ್ಕಿಗೆ ಮಾಡಿದ ತೆರಪು" ಎಂದೆ. ಕಚ್ಚು ಹಾಕುವುದು, ದೊಡ್ಡ ಮರ ಸಂಸಾರ ಸಮೇತ ಬೀಳುವುದು, ನೆಲ ನಡುಗುವುದು, ಎಲ್ಲ ಹೇಳಿದೆ. ಎಣಿಸಿಯೂ ಕೊಟ್ಟೆ, ಹತ್ತೊಂಬತ್ತು. ದೊರೆ ನನ್ನ ಬೆನ್ನು ತಟ್ಟಿ, ತಮ್ಮ ಮುರುಕು ಕನ್ನಡದಲ್ಲಿ, "ಶಿವಶಂಕರಪ್ಪ, ನಿಮ್ದು ಕಣ್ಣು ಬಹಳ ಒಳ್ಳೇದು" ಎಂದರು. ಪೂವಯ್ಯನ ಮುಖ ಸಣ್ಣಗಾಯಿತು. ನನಗೆ ಹಿಗ್ಗು.

ಆ ಹಿಗ್ಗಿನಲ್ಲೇ ಇನ್ನೊಮ್ಮೆ ಬಗ್ಗಿದೆ. ಆಗ ಕಂಡಿತು, ನೀರಿನ ತೋಡು ಎರಡಾಗಿ ಒಡೆಯುವ ಜಾಗ, ಅದರ ಬುಡದಲ್ಲಿ ಗದ್ದೆ, ಗದ್ದೆಯ ತಲೆಯಲ್ಲಿ ನಿಮ್ಮ ಹೆಂಚಿನ ಮನೆ. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ದೊರೆಯ ಕೆಂಪು ಪೆನ್ಸಿಲು ಆಗಲೇ ಆ ಇಳಿಜಾರಿನ ಸುತ್ತ ತಿರುಗುತ್ತಿತ್ತು. ಹತ್ತೊಂಬತ್ತರಲ್ಲಿ ನಾಲ್ಕು ಮಾವನವರ ಕಾಲದವು, ಗುತ್ತಿಗೆಯ ಗಡಿಯ ಒಳಗಿನವು, ಮುಚ್ಚಿಕೊಂಡು ಬಂದಿದ್ದವು. ಹದಿನೈದು ಗಡಿಯ ಆಚೆ, ಸರ್ಕಾರಿ ಕಾಡಿನಲ್ಲಿ, ಎಲ್ಲ ಹೊಸವು. ಆ ಇಳಿಜಾರಿಗೆ ಬಣ್ಣ ತುಂಬಿದ್ದೂ ಈ ಕೈಯೇ. ದೀಪಾವಳಿಯ ಮಾರನೆಯ ವಾರ ಗಾರ್ಡುಗಳು ಬಂದು ಮಲೆ ಮುಚ್ಚಿ ಗಡಿಕಲ್ಲು ನೆಟ್ಟದ್ದು ಆ ನಕ್ಷೆ ಹಿಡಿದುಕೊಂಡೇ.

ನೀನು ಕೇಳಿದ ಹೆಸರು ನನ್ನದು. ಜವರ ಯಾರಿಗೂ ಏನೂ ಹೇಳಿಲ್ಲ.

ಇನ್ನೊಂದು ಮಾತು ಬರೆಯಲೇಬೇಕು, ನಿನಗೆ ಸಿಟ್ಟು ಬಂದರೂ ಸರಿ. ನಕ್ಷೆಯಲ್ಲಿ ತಪ್ಪಿಲ್ಲ. ಕಲ್ಲೇಶಪ್ಪ ಏಳು ವರ್ಷಕ್ಕೆ ಒಂದು ಎಂಬ ಅಪ್ಪನ ಮಾತು ಬಿಟ್ಟು ವರ್ಷಕ್ಕೆ ಎರಡು ಕಡಿಸಿದ್ದಾನೆ. ಮೂರು ತೆರಪುಗಳ ಕೆಳಗೆ ಮಣ್ಣು ಜಾರಿ ಬಿಳಿ ಗೆರೆ ಬಿದ್ದಿದೆ, ಅದು ನಿಮ್ಮ ಗದ್ದೆಯ ತೋಡಿಗೇ ಇಳಿಯುತ್ತದೆ. ಇನ್ನು ನಾಲ್ಕು ಮಳೆಗಾಲ ಹೀಗೇ ಬಿಟ್ಟಿದ್ದರೆ ಮಲೆಯೂ ಇಲ್ಲ, ಗದ್ದೆಯೂ ಇಲ್ಲ. ಆ ಇಳಿಜಾರು ಮುಚ್ಚಿದ್ದು ಸರಿ ಎಂದು ಅವನ ಎದುರೇ ಹೇಳುತ್ತೇನೆ. ಆದರೆ ಮನೆಯವನೆಂದು ತೋರಿಸಿದ್ದನ್ನು ಬೆನ್ನು ತಟ್ಟಿಸಿಕೊಳ್ಳಲು ಹೇಳಿದೆನಲ್ಲ, ಅದಕ್ಕೆ ಮಾವ ಇದ್ದಿದ್ದರೆ ಅವರ ಕಾಲು ಹಿಡಿಯುತ್ತಿದ್ದೆ.

ಈ ಕಾಗದವನ್ನು ಕಲ್ಲೇಶಪ್ಪನನ್ನು ಕೂರಿಸಿಕೊಂಡು ಓದಿ ಹೇಳು. ಜವರನನ್ನೂ ಮುತ್ತಿಯನ್ನೂ ಕರೆಸಲಿ. ನನ್ನ ಮೇಲೆ ಏನು ಸಿಟ್ಟಿದ್ದರೂ ಅದು ಆಮೇಲೆ. ನೀನು ಮಡಿಕೇರಿಗೆ ಯಾವಾಗ ಬರುತ್ತೀಯೆ ಎಂದು ಈ ಕಾಗದದಲ್ಲಿ ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ಮನೆ ಮಾತ್ರ ನೀನಿಲ್ಲದೆ ಬಿಕೋ ಎನ್ನುತ್ತಿದೆ.

ಸುಮಿತ್ರಮ್ಮನಿಗೂ ಕೂಸಿಗೂ ಬಸವಣ್ಣ ಆಯುಸ್ಸು ಆರೋಗ್ಯ ಕೊಡಲಿ. ಕೂಸು ಅಜ್ಜನ ಹಾಗೆ ಸಾವಧಾನದ ಮನುಷ್ಯನಾಗಲಿ. ನಿನಗೆ ಎಲ್ಲ ಕಾಲದಲ್ಲೂ ಒಳ್ಳೆಯದಾಗಲಿ.

ನಿನ್ನ
ಶಿವಶಂಕರಪ್ಪ

ಸಹಿ ಹಾಕಿದ ಮೇಲೆ: ಮರೆತ ಮಾತೊಂದು ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ಓದುತ್ತ ಓದುತ್ತ ಸಹಿಯ ಹತ್ತಿರ ನಿಲ್ಲಿಸಬೇಡ, ಗಂಡನ ಮಾನ ಉಳಿಯಲಿ ಎಂದು ನಿಲ್ಲಿಸುವವಳು ನೀನು. ಇದನ್ನೂ ಅವನಿಗೆ ಓದಿ ಹೇಳು.

ಕಲ್ಲು ನೆಟ್ಟ ವಾರವೇ ಕಲ್ಲೇಶಪ್ಪ ಮಡಿಕೇರಿಗೆ ಬಂದಿದ್ದನಲ್ಲ, ನಮ್ಮ ಜಗುಲಿಯಲ್ಲಿ ಕೂತು, "ಭಾವ, ಹತ್ತಿರದೋರು ಯಾರೋ ಹೇಳವ್ರೆ. ಯಾರು ಅಂತ ಗೊತ್ತಾಗ್ಬೇಕು ನಂಗೆ" ಎಂದ. ಆಗ ಅವನ ಮನಸ್ಸಿನಲ್ಲಿ ಯಾರ ಹೆಸರೂ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ಹೆದರಿಕೆಯಾಯಿತು. "ಮರ ಕಡಿದವನಿಗೆ ಗೊತ್ತಿಲ್ಲದ ತೆರಪು ಯಾವುದಿದೆ, ಕಲ್ಲೇಶಪ್ಪ?" ಎಂದೆ. ಅವನು ಲೋಟ ಕೆಳಗಿಟ್ಟು, "ಜವರನಾ?" ಎಂದ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಲೋಟ ತೊಳೆಯುವ ನೆಪ ಮಾಡಿ ಒಳಗೆ ಹೋದೆ. ಅವನು ನಂಬಿದ್ದು ಊರವರ ಮಾತನ್ನಲ್ಲ, ನನ್ನನ್ನು.

ಮೊನ್ನೆ ಶುಕ್ರವಾರದ ಸಂತೆಯಲ್ಲಿ ಜವರ ಸಿಕ್ಕಿದ. ಕಿತ್ತಳೆ ಬುಟ್ಟಿ ಹೊರುತ್ತಿದ್ದ, ಕುತ್ತಿಗೆ ನಡುಗುತ್ತಿತ್ತು. ಬುಟ್ಟಿ ಇಳಿಸಿ ಮೊದಲು ಕೇಳಿದ್ದು ನಿನ್ನ ಕ್ಷೇಮ. ಆಮೇಲೆ, "ಬುದ್ಧಿ, ನೀವು ಆ ಕಚೇರೀಲಿ ಇರೋರು. ಹೇಳ್ದೋನು ನಾನಲ್ಲ ಅಂತ ನಿಮ್ ಬಾಮೈದ ಸಣ್ಣಯ್ಯಂಗೆ ಒಂದ್ ಮಾತು ಹೇಳಿ. ನಿಮ್ಮ ಮಾತಾದ್ರೆ ನಂಬ್ತಾರೆ" ಎಂದ.

"ಹೇಳ್ತೀನಿ" ಎಂದೆ.

ಅಷ್ಟಕ್ಕೇ ಅವನು ನಡು ಬಗ್ಗಿಸಿ ನನಗೆ ಕೈ ಮುಗಿದ.