ಸಾಹೇಬರ ಕಾಲು

ಮನೆಯಿಂದ
ಹದಿನಾಲ್ಕನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಅಲ್ಲೂ ನಿಂತುಕೊಂಡೇ ಎರಡು ತುತ್ತು ನುಂಗಿ ಕೈ ತೊಳೆಯುತ್ತೀಯೋ? ಅರೆತಲೆನೋವು ಮತ್ತೆ ಬಂದಿತ್ತೇ? ನಿಮ್ಮಕ್ಕನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ನಿನ್ನ ಗಂಡ ಹೇಳಿದ. ಈಗ ಸೂಜಿಗೆ ದಾರವನ್ನೂ ತಾನೇ ಪೋಣಿಸುತ್ತಾಳಂತೆ. ಸಂತೋಷ. ಅವಳಿಗೆ ಅಷ್ಟು ಕಣ್ಣು ಬಂದ ಮೇಲೂ ನೀನು ಅಲ್ಲೇ ಏಕಿದ್ದೀಯೆಂದು ನಾನು ಕೇಳುವುದಿಲ್ಲ. ಏಕೆಂದು ಇಬ್ಬರಿಗೂ ಗೊತ್ತು. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನನ್ನ ನಾಲಿಗೆ ನನ್ನ ಹಿಡಿತದಲ್ಲಿರುವುದಿಲ್ಲ. ಕಾಗದದಲ್ಲಾದರೆ ಬರೆದದ್ದನ್ನು ಹೊಡೆದುಹಾಕಬಹುದು. ಈಗಾಗಲೇ ಎರಡು ಹಾಳೆ ಹರಿದು ಎಸೆದಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಕುದುರೆ ಸಾಹೇಬರಿಗೆ ಹುಷಾರಿಲ್ಲ. ಗಾಬರಿಯಾಗಬೇಡ ಎಂದು ಬರೆಯಲು ಹೊರಟೆ, ಆದರೆ ನಾನೇ ಗಾಬರಿಯಾಗಿದ್ದೇನೆ, ಸುಳ್ಳೇಕೆ ಹೇಳಲಿ. ಬುಧವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎಂದಿನಂತೆ ತಲೆಯಿಂದ ಗುದ್ದಲು ಬರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಮುಂಗಾಲು ಮುಂದಕ್ಕೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ, ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಎತ್ತುತ್ತ, ಬಿಸಿ ಕಾವಲಿಯ ಮೇಲೆ ನಿಂತವರಂತೆ ನಿಂತಿದ್ದರು. ಗೊರಸು ಮುಟ್ಟಿದರೆ ಸುಡುತ್ತಿತ್ತು. ನಿನ್ನ ಗಂಡ ಗ್ಯಾರೇಜಿಗೆ ರಜೆ ಹಾಕಿ ಪ್ರಾಣಿ ಡಾಕ್ಟರನ್ನು ಕರೆತಂದ. ಆರಡಿ ಮನುಷ್ಯ, ನಮ್ಮ ಊಟದ ಮೇಜಿನಷ್ಟೂ ಎತ್ತರವಿಲ್ಲದ ಕುದುರೆಯ ಮುಂದೆ ಮಂಡಿಯೂರಿ ಕೂತರು. ನೋಡಿ ನಗು ಬರಬೇಕಿತ್ತು, ಬರಲಿಲ್ಲ. "ಯಾರ್ರೀ ಇದಕ್ಕೆ ಹೀಗೆ ತಿನ್ಸಿದ್ದು? ಬರೀ ಹುಲ್ಲು ತಿಂದು ಹೀಗಾಗಲ್ಲ" ಎಂದರು. ಅತಿಯಾಗಿ ತಿಂದದ್ದು ಗೊರಸಿನ ಒಳಗೆ ಬಾವು ತರುತ್ತದಂತೆ, ಬಾವು ಹೆಚ್ಚಾದರೆ ಒಳಗಿನ ಮೂಳೆಯೇ ವಾಲುತ್ತದಂತೆ. ಬರುವ ಶನಿವಾರ ಎಕ್ಸ್-ರೇ. ಮೂಳೆ ತೀರಾ ವಾಲಿದ್ದರೆ "ನರಳೋಕೆ ಬಿಡಬಾರ್ದು" ಎಂದಷ್ಟೇ ಹೇಳಿ ಬ್ಯಾಗು ಮುಚ್ಚಿದರು. ಅದರ ಅರ್ಥ ನನಗೂ ಆಯಿತು. "ಎಕ್ಸ್-ರೇ ಆಗ್ಲಿ, ಆಮೇಲೆ ಅವಳಿಗೆ ಹೇಳೋಣ" ಎಂದು ನಿನ್ನ ಗಂಡ ನಮ್ಮ ಬಾಯಿ ಮುಚ್ಚಿಸಿದ್ದಾನೆ. ತಡೆ, ಒಂದು ಸಲ ನೋಡಿಕೊಂಡು ಬರುತ್ತೇನೆ.

ಬಂದೆ. ಹಾಗೇ ನಿಂತಿದ್ದಾರೆ. ಬಾಲ ಮಾತ್ರ ಒಮ್ಮೆ ಆಡಿಸಿದರು. ಗಂಟೆಗೊಮ್ಮೆ ಮುಂಗಾಲೆರಡನ್ನೂ ಐಸ್ ನೀರಿನ ತೊಟ್ಟಿಯಲ್ಲಿ ಇಳಿಸಬೇಕು, ಅದು ನನ್ನ ಕೆಲಸ. ಬಡಗಿಯ ಅಂಗಡಿಯಿಂದ ಮೂರು ಮೂಟೆ ಮರದ ಹೊಟ್ಟು ತರಿಸಿ ಕಾಲಡಿ ಮೆತ್ತಗೆ ಹಾಸಿದ್ದೇವೆ. ಒಣಹುಲ್ಲನ್ನು ನೀನು ನೇತುಹಾಕಿರುವ ತಕ್ಕಡಿಯಲ್ಲೇ ತೂಗಿ, ಒಂದು ಗಂಟೆ ನೀರಲ್ಲಿ ನೆನೆಸಿ, ಹಿಂಡಿ ಕೊಡುತ್ತೇನೆ. ಅರ್ಧ ತಿಂದು ನನ್ನ ಮುಖ ನೋಡುತ್ತಾರೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇವತ್ತು ಎರಡು ಸಲ ಹಾಲು ಉಕ್ಕಿಸಿದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಹಾಕಿದೆ. ಎಲ್ಲರೂ ತೆಪ್ಪಗೆ ತಿಂದರು. ಈ ಮನೆಯಲ್ಲಿ ಊಟಕ್ಕೆ ಯಾರೂ ಹೆಸರಿಡದಿದ್ದರೆ ಏನೋ ಕೆಟ್ಟಿದೆಯೆಂದೇ ಲೆಕ್ಕ.

ಆ ದಿನದ ಮಾತು ಬರೆಯದೆ ಹೋದರೆ ಈ ಕಾಗದ ಬರೆದೂ ದಂಡ. ಸಾಹೇಬರನ್ನು ಮೊದಲು ಸಾಕಿದ್ದ ಆ ಫೋಟೋ ಸ್ಟುಡಿಯೋದವನು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯಲು ಇವರಿಗೆ ದಿನವಿಡೀ ಬಿಸ್ಕತ್ತು ತಿನ್ನಿಸಿ ಕಾಲು ಕೆಡಿಸಿದ್ದನೆಂದು ನೀನು ನೂರು ಸಲ ಹೇಳಿದ್ದೆ. ಅಂಗಡಿ ಮುಚ್ಚಿದಾಗ ಯಾರಿಗೂ ಬೇಡವಾದವರನ್ನು ನೀನು ಹಗ್ಗ ಹಿಡಿದು ನಡೆಸಿಕೊಂಡು ಬಂದೆ. ಎಷ್ಟು ಹುಲ್ಲು, ಎಷ್ಟು ಹೊತ್ತಿಗೆ ಎಂದು ಶೆಡ್ಡಿನ ಬಾಗಿಲಿಗೆ ಚೀಟಿ ಅಂಟಿಸಿದೆ. ನಾನು ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದವಳು. ತಟ್ಟೆ ಹಿಡಿದು ಬಂದವರನ್ನು ಸಾಕು ಹೋಗು ಎಂದವಳಲ್ಲ. ಅದಕ್ಕೇ ಪಕ್ಕದ ಮನೆಯ ಟೀಚರ ಎದುರೇ ಅಂದುಬಿಟ್ಟೆ: "ಮೂಕಪ್ರಾಣಿಗೆ ತೂಗಿ ಹಾಕೋ ಕೈ, ನಾಳೆ ನಂಗೇನು ಹಾಕೀತು?" ನೀನು ಬಕೆಟ್ಟು ತೊಳೆದು ಬೋರಲು ಹಾಕಿದೆ. ಮಾರನೆಯ ದಿನ ಅಕ್ಕನ ಮನೆಗೆ ಹೊರಟೆ.

ಈಗ ತಿನ್ನಿಸಿದ್ದು ಯಾರೆಂದು ಕೇಳುತ್ತೀಯ. ಮತ್ಯಾರು, ನಿಮ್ಮ ಮಾವ! ಪೇಪರು ಓದುವ ನೆಪದಲ್ಲಿ ಸಂಜೆಯೆಲ್ಲ ಶೆಡ್ಡಿನಲ್ಲೇ ಕೂರುವುದು ಅವರು ತಾನೇ? ಅವರ ಕುರ್ಚಿಯ ಕೆಳಗೇ ಖಾಲಿ ಬ್ರೆಡ್ ಪೊಟ್ಟಣಗಳು ಸಿಕ್ಕವು. ನಿನ್ನ ಗಂಡ ಹುಟ್ಟಿದಾಗಿನಿಂದ ಅಪ್ಪನ ಮೇಲೆ ದನಿ ಎತ್ತಿದವನಲ್ಲ, ಅವತ್ತು ಎತ್ತಿದ. ಇವರು ಪೇಪರು ಮಡಿಚಿ ಎದ್ದು ಹೋದರು, ಅಷ್ಟೇ. ಐದು ದಿನದಿಂದ ಅಪ್ಪ ಮಗ ಮುಖ ಕೊಟ್ಟು ಮಾತಾಡುತ್ತಿಲ್ಲ. ಈ ವಯಸ್ಸಿನಲ್ಲಿ ಅಷ್ಟೂ ತಿಳಿಯಬಾರದೇ ಈ ಮನುಷ್ಯನಿಗೆ?

ನಿಮ್ಮಕ್ಕನಿಗೆ ನಾನು ಕೇಳಿದೆನೆಂದು ಹೇಳು. ಕಣ್ಣಿಗೆ ಧೂಳು ಬೀಳದಂತೆ ನೋಡಿಕೊಳ್ಳಲಿ. ನೀನೂ ಚೆನ್ನಾಗಿರು, ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನಿಮ್ಮ ಮಾವ ಒಂದು ಚೂರೂ ತಿನ್ನಿಸಿಲ್ಲ. ತಿನ್ನಿಸಿದವಳು ನಾನು. ನೀನು ಹೋದ ದಿನದಿಂದ, ದಿನಕ್ಕೆ ಎರಡು ಸಲ. ನಿನ್ನ ಚೀಟಿ ತಪ್ಪು, ನನ್ನ ಕೈ ಸರಿ ಎಂದು ತೋರಿಸಬೇಕಿತ್ತು ನನಗೆ. ಖಾಲಿ ಪೊಟ್ಟಣಗಳನ್ನು ಮಾವನ ಕುರ್ಚಿಯ ಕೆಳಗೆ ತುರುಕುತ್ತಿದ್ದವಳೂ ನಾನೇ, ಡಾಕ್ಟರು ಕೇಳಿದಾಗ ಅತ್ತ ಕೈ ತೋರಿಸಿದವಳೂ ನಾನೇ. ನಿಮ್ಮ ಮಾವ ಒಮ್ಮೆ ನನ್ನ ಮುಖ ನೋಡಿ ಪೇಪರು ಮಡಿಚಿದರು. ಮಗ ಗ್ಯಾರೇಜಿನಿಂದ ಬಂದ ಕೂಡಲೇ ಹೇಳುತ್ತೇನೆ, ಆದರೆ ಮೊದಲು ನಿನಗೆ ಹೇಳಬೇಕಿತ್ತು. ತಪ್ಪಾಯಿತು ಕಣಮ್ಮ. ಶನಿವಾರ ಹತ್ತು ಗಂಟೆಗೆ ಎಕ್ಸ್-ರೇ, ಕದಲದೆ ನಿಲ್ಲಬೇಕಂತೆ. ಕುತ್ತಿಗೆ ಹಿಡಿಯಲು ಸಾಹೇಬರು ನಮ್ಮಲ್ಲಿ ಯಾರನ್ನೂ ಬಿಡುತ್ತಿಲ್ಲ. ನೀನು ಬಾ. ನನ್ನ ಹತ್ತಿರ ಮಾತಾಡಬೇಕಾಗಿಲ್ಲ, ಹಿಂದಿನ ಗೇಟಿನಿಂದ ನೇರ ಅವರ ಹತ್ತಿರ ಹೋಗು. ನಾನು ಒಳಗೇ ಇರುತ್ತೇನೆ, ನೀನು ಕರೆಯುವವರೆಗೂ ಹೊರಗೆ ಬರುವುದಿಲ್ಲ.