ಗಾಣದ ಬಾಯಿಯ ತಗಡು

ಅಕ್ಕೋಳ
೨೨ ನವೆಂಬರ್ ೧೯೮೭

ಜೀವದ ಗೆಳತಿ ಲಗಮವ್ವನಿಗೆ,

ಸುಂದರಾಳ ಶರಣು. ಸತ್ತಿಯಲ್ಲಿ ನಿನ್ನ ಅಣ್ಣನ ಮನೆಯವರೆಲ್ಲ ಆರಾಮ ಇದ್ದಾರೆಂದು ನಂಬಿದ್ದೇನೆ. ಪತ್ರ ಓದಿ ಹೇಳುವವಳು ಮಗಳು ಮಂಗಲ ತಾನೇ? ಅವಳಿಗೊಂದು ಮಾತು. ಸಾವಕಾಶ ಓದು ತಾಯಿ, ಒಂದು ಸಾಲನ್ನೂ ಜಿಗಿಸಬೇಡ. ನಿಮ್ಮವ್ವ ಸಿಟ್ಟಿಗೆದ್ದು "ಸಾಕ ಮಾಡ" ಎಂದರೂ ಓದು.

ಹೋದ ಸೋಮವಾರ ಹೊಲದ ಉತಾರದ ಕಾಗದ ತರಲು ಚಿಕ್ಕೋಡಿಯ ಕಚೇರಿಗೆ ಹೋಗಿದ್ದೆ. ಸಾಹೇಬರು ಬಂದಿರಲಿಲ್ಲ. ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಜಿನ್ನಪ್ಪ ವಕೀಲರು ಮೇಜು ಹಾಕಿಕೊಂಡು ಕೂತಿದ್ದರು. ಎರಡು ಸಲ ಅವರ ಮುಂದೆ ಹಾದುಹೋದೆ. ಮೂರನೆಯ ಸಲ ಅವರೇ "ಏನವ್ವಾ, ಏನರ ಕೇಳೂದೈತೇನು?" ಎಂದರು. "ನಮ್ಮೂರಾಗ ಒಬ್ಬಾಕಿ ಅದಾಳ್ರಿ" ಎಂದು, ನಿನ್ನ ಹೆಸರೆತ್ತದೆ ನಿನ್ನ ಕಥೆಯನ್ನೇ ಹೇಳಿದೆ.

ವಿರುಪಾಕ್ಷಪ್ಪನ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈಯ ನಾಲ್ಕು ಬೆರಳು ಹೋದದ್ದು, ಎಂಟನೆಯ ದಿನ ಅವನು ಒಂದು ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡದ್ದು, ಬೀರಪ್ಪನ ಗುಡಿಯಲ್ಲಿ ನಮಗೆಲ್ಲ ದೇವರ ಅರಿಷಿಣ, ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ್ದು. ಯಾರೂ ಕೋರ್ಟಿನ ಕಟ್ಟೆ ಹತ್ತಬಾರದು, ನಿನಗೆ ಜೀವ ಇರುವತನಕ ಅವನು ಕೂತು ಮಾಡುವ ಕೆಲಸ ಕೊಡಬೇಕು. ಆಣೆ ಅದೇ ಅಲ್ಲವೇ? ಮುಂದಿನ ಹಂಗಾಮಿಗೆ ಬೆಲ್ಲದ ಪೆಂಟೆಗೆ ಬಟ್ಟೆ ಸುತ್ತುತ್ತೇನೆಂದು ನೀನು ಹೋದರೆ, "ಒಂದ ಕೈಲೆ ಏನ್ ಮಾಡ್ತಿ, ಮನ್ಯಾಗ ಕುಂದರ ಹೋಗ" ಎಂದು ಕಳಿಸಿದ. ಮೇಲಾಗಿ ಗಾಣದ ಬಾಯಿಯ ತಗಡು ಬಿಚ್ಚಿದವಳು ನೀನೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ವಕೀಲರು ಪೂರ್ತಿ ಕೇಳಿಸಿಕೊಂಡರು. ದುಡಿಯುವಾಗ ಕೈ ಹೋದರೆ ಪರಿಹಾರ ಕೊಡುವುದು ಮಾಲಕನ ದಯೆಯಲ್ಲವಂತೆ, ದುಡಿದವಳ ಹಕ್ಕಂತೆ. ಆ ಹಕ್ಕು ಬಿಟ್ಟುಕೊಟ್ಟೆನೆಂದು ಹೆಬ್ಬೆಟ್ಟು ಒತ್ತಿದರೂ ಆ ಕಾಗದಕ್ಕೆ ಕಿಮ್ಮತ್ತಿಲ್ಲ. ಬೆಳಗಾವಿಯಲ್ಲಿ ಇದಕ್ಕೆಂದೇ ಒಬ್ಬ ಅಧಿಕಾರಿ ಇದ್ದಾರೆ. ಆದರೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ನಿನ್ನ ಕೈ ಹೋದದ್ದು ಸಂಕ್ರಾಂತಿಯ ಮರುದಿನ. ಬರುವ ಸಂಕ್ರಾಂತಿಗೆ ಎರಡು ವರ್ಷ ತುಂಬುತ್ತದೆ, ಲಗಮವ್ವಾ. ಕೆಲಸದ ಮಾತು ಮುರಿದದ್ದು ಬೇರೆಯೇ ದಾವೆ. ಬಾಯಿಮಾತಿನ ಕರಾರೂ ಕರಾರೇ, ಆದರೆ ಸಾಕ್ಷಿ ಬೇಕು ಎಂದರು.

ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅಂತಾರಲ್ರಿ ಎಂದೆ. ನಕ್ಕುಬಿಟ್ಟರು. "ಆ ಗಾದಿಮಾತಿನಿಂದ ಮಾಲಕರಿಗೆ ಭಾಳ ಉಪಕಾರ ಆಗೇತಿ ನೋಡವ್ವಾ" ಎಂದರು. ಭಂಡಾರದ ಮಾತೆತ್ತಿದೆ. ದೇವರ ವಿಷಯ ತನಗೆ ತಿಳಿಯದು, ಕಾಯ್ದೆ ಮಾತ್ರ ಭಂಡಾರ ನೋಡುವುದಿಲ್ಲ ಎಂದರು. ಬಸ್ಸಿನಲ್ಲಿ ಬರುತ್ತ ನಾನೇ ಯೋಚಿಸಿದೆ. ಅದೇ ಭಂಡಾರ ಅವನೂ ಮುಟ್ಟಿದ್ದ, ಮೊದಲು ಮುರಿದವನೂ ಅವನೇ. ಬೀರಪ್ಪನಿಗೆ ಅಷ್ಟೂ ತಿಳಿಯುವುದಿಲ್ಲವೇ?

ಕಡೆಗೆ ವಕೀಲರು ಒಂದು ಪ್ರಶ್ನೆ ಕೇಳಿದರು. ಗಾಣದ ಬಾಯಿಗೆ, ಕೈ ಒಳಗೆ ಹೋಗದಂತೆ ಕೂರಿಸಿದ್ದ ತಗಡನ್ನು ಯಾರು ಬಿಚ್ಚಿದರು? ಗಾಯವಾದವಳೇ ಬೇಕೆಂದು ಬಿಚ್ಚಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಬೇರೆಯವರು ಬಿಚ್ಚಿದ್ದನ್ನು ಕಂಡವರಿದ್ದರೆ ನಿಲ್ಲುತ್ತದೆ. ಕೇಳಿ ಹೇಳುತ್ತೇನ್ರಿ ಎಂದು ಎದ್ದು ಬಂದೆ. ಬಿಚ್ಚಿದವಳು ನೀನಲ್ಲ ಎಂಬುದು ನನಗೆ ಗೊತ್ತು.

ಮನೆಯವರಿಗೆ ಹೇಳಿದೆ. ಇವರು ಇನ್ನೂ ವಿರುಪಾಕ್ಷಪ್ಪನ ಟ್ರ್ಯಾಕ್ಟರ್ ಹೊಡೆಯುತ್ತಾರಲ್ಲ, ಉಣ್ಣುತ್ತಿದ್ದವರು ಕೈ ತೊಳೆದು ಎದ್ದು ಹೋದರು. ನನಗೂ ಹೆದರಿಕೆ ಇದೆ. ಆದರೆ ಯಡೂರಿನಲ್ಲಿ ನೀನು ಸಿಕ್ಕಾಗ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಎಡಗೈಯಿಂದ ನನ್ನ ಮಗುವಿಗೆ ಪೇಢೆ ತಿನ್ನಿಸಿದೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಗುರುವಾರ ಹತ್ತು ಗಂಟೆಗೆ ಚಿಕ್ಕೋಡಿ ಬಸ್ ಸ್ಟ್ಯಾಂಡಿಗೆ ಬಾ. ಮಂಗಲಳನ್ನೂ ಕರೆದುಕೊಂಡು ಬಾ.

ನಿನ್ನ,
ಸುಂದರಾ ಕೋಂ ಗಂಗಾರಾಮ ಖೋತ

ತಾ.ಕ.: ಮಂಗಲಾ, ನಿಲ್ಲಬೇಡ, ಇದನ್ನೂ ಓದು. ಲಗಮವ್ವಾ, ತಗಡು ಬಿಚ್ಚಿದವಳು ನಾನು. ಅಂದು ನೀನು ಬರುವ ಮೊದಲು ವಿರುಪಾಕ್ಷಪ್ಪ ನನ್ನ ಕೈಗೆ ಬೋಲ್ಟು ಬಿಚ್ಚುವ ಪಾನಾ ಕೊಟ್ಟು, "ಕಬ್ಬ ಲಗು ಹೋಗವಲ್ದು, ತಗದ ಒಗಿ ಅದನ್ನ" ಎಂದ. ನೀನು ಬಂದು ತಗಡೆಲ್ಲಿ ಎಂದು ಕೇಳಿದೆ, ದುರಸ್ತಿಗೆ ಹೋಗಿದೆ ಎಂದೆ ನಾನು. ಆ ಕಾಗದವನ್ನು ನಿನಗೆ ಓದಿ ಹೇಳಿದವಳೂ ನಾನೇ ಅಲ್ಲವೇ? ಅದರಲ್ಲಿ "ತಗಡನ್ನು ನಾನೇ ಬಿಚ್ಚಿರುತ್ತೇನೆ" ಎಂದು ನಿನ್ನ ಹೆಸರಿನಲ್ಲಿ ಒಂದು ಸಾಲಿತ್ತು. ಅದನ್ನು ಜಿಗಿಸಿದೆ. ನೀನು ನನ್ನ ಮುಖ ನೋಡಿ ಹೆಬ್ಬೆಟ್ಟು ಒತ್ತಿದೆ. ಆ ತಗಡಿನ ನಾಲ್ಕೂ ಬೋಲ್ಟು ನನ್ನ ಟ್ರಂಕಿನಲ್ಲಿವೆ, ತರುತ್ತೇನೆ. ಮೇಲೆ ಸಹಿಯಲ್ಲಿ ಪೂರ್ತಿ ಹೆಸರು ಬರೆದದ್ದು ವಕೀಲರಿಗೆ ತೋರಿಸಲೆಂದು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಈ ಪತ್ರವನ್ನಾದರೂ ಮಂಗಲಳ ಕೈಯಲ್ಲಿ ಕಳಿಸು.